ಇಸ್ಪೀಟು ಬಿಡಿ, ಕವಡೆ ತನ್ನಿ

ಹತ್ತನೇ ಕ್ಲಾಸಿನ ಗಣಿತ ಪುಸ್ತಕದ ಕೊನೆಯ ಕಡೆ ಒಂದು ಪುಟ್ಟ ಅಧ್ಯಾಯ ಇದೆ. ಹೆಸರು ಸಂಭವನೀಯತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರು ಅದನ್ನ ಪ್ರಾಬಬಿಲಿಟಿ ಅಂತ ಓದಿಕೊಂಡು ಬಂದಿದ್ದೀವಿ. ಯಾವ ಮೀಡಿಯಂ ಆದರೂ ಈ ಅಧ್ಯಾಯದ ಹಣೆಬರಹ ಮಾತ್ರ ಒಂದೇ. ಪೋರ್ಷನ್ ಮುಗಿಸೋ ಅವಸರದಲ್ಲಿ ಎರಡು ಪೀರಿಯಡ್, ಒಂದು ಫಾರ್ಮುಲಾ, ಒಂದು ನಾಣ್ಯ, ಒಂದು ದಾಳ, ಆಮೇಲೆ 52 ಎಲೆಗಳ ಇಸ್ಪೀಟು ಕಟ್ಟು. "ಸುಲಭದ ಮಾರ್ಕ್ಸ್, ಬಿಡಬೇಡಿ" ಅಂತ ಒಂದು ಕಿವಿಮಾತು. ಅಲ್ಲಿಗೆ ಮುಗೀತು.

ಸುಲಭದ ಮಾರ್ಕ್ಸ್ ಅನ್ನೋದು ನಿಜಾನೇ. ಆದರೆ ಶಾಲೆಯಲ್ಲಿ ಕಲಿಸೋ ಗಣಿತದಲ್ಲಿ ಮನುಷ್ಯನ ದುಡ್ಡು, ಜೀವ ಎರಡಕ್ಕೂ ನೇರವಾಗಿ ಸಂಬಂಧಪಟ್ಟ ಪಾಠ ಇದೊಂದೇ ಇರಬೇಕು ಅಂತ ನನಗನ್ನಿಸುತ್ತೆ. ಅಂಥ ಪಾಠವನ್ನ ಇಸ್ಪೀಟು ಎಲೆಯಿಂದ ಶುರು ಮಾಡ್ತೀವಿ. ಮನೆಯಲ್ಲಿ ಇಸ್ಪೀಟು ಮುಟ್ಟಿದರೆ ಕೈ ಮೇಲೆ ಏಟು ಬೀಳೋ ಮಕ್ಕಳಿಗೆ, ಒಂದು ಕಟ್ಟಿನಲ್ಲಿ ಎಷ್ಟು ರಾಜರು, ಎಷ್ಟು ಕೆಂಪು ಎಲೆ ಅಂತ ಮೊದಲು ಬಾಯಿಪಾಠ ಮಾಡಿಸಿ, ಆಮೇಲೆ "ಕೆಂಪು ರಾಜ ಬರುವ ಸಂಭವನೀಯತೆ ಎಷ್ಟು" ಅಂತ ಕೇಳ್ತೀವಿ. ಉತ್ತರ 2/52, ಅಂದರೆ 1/26. ಹುಡುಗ ಸರಿಯಾಗೇ ಬರೀತಾನೆ. ಆ ಸಂಖ್ಯೆ ಏನು ಹೇಳ್ತಿದೆ ಅಂತ ಕೇಳಿ ನೋಡಿ, ಸುಮ್ಮನೆ ಮುಖ ನೋಡ್ತಾನೆ.

ನನ್ನ ವಾದ ಇಷ್ಟೇ: ಈ ಪಾಠದ ಕ್ರಮ ತಿರುಗಿಸಬೇಕು. ಬೀದಿ, ಮನೆ, ಅಮ್ಮನ ಕೆಲಸ ಇವು ಮೊದಲು ಬರಲಿ. ನಾಣ್ಯ, ದಾಳ, ಇಸ್ಪೀಟು ಕೊನೆಗೆ ಬರಲಿ. ಇದನ್ನ ಸುಮ್ಮನೆ ಕೂತು ಹೇಳ್ತಿಲ್ಲ. ಗೊರಗುಂಟೆಪಾಳ್ಯದಲ್ಲಿ ನಮ್ಮ ಕೆಳಗಿನ ಮನೆಯ ಹುಡುಗನಿಗೆ ಈ ವರ್ಷ ಭಾನುವಾರಗಳಲ್ಲಿ ಗಣಿತ ಹೇಳಿಕೊಡ್ತಿದ್ದೀನಿ. ಸರ್ಕಾರಿ ಶಾಲೆ, ಕನ್ನಡ ಮೀಡಿಯಂ, ಹತ್ತನೇ ಕ್ಲಾಸು. ಅಮ್ಮ ಗಾರ್ಮೆಂಟ್ಸಿಗೆ ಹೋಗ್ತಾರೆ, ಅಪ್ಪ ಗೂಡ್ಸ್ ಆಟೋ ಓಡಿಸ್ತಾರೆ. ಊರು ಶಿರಾ ಕಡೆ. ಅವನಿಗೆ ಹೇಳಿಕೊಡ್ತಾ ಯಾವುದು ತಲೆಗೆ ಹೋಯ್ತು, ಯಾವುದು ಹೋಗಲಿಲ್ಲ ಅಂತ ನೋಡಿದ ಮೇಲೆ ಬರೀತಿರೋ ಮಾತಿದು.

ಅರ್ಧ ಅರ್ಧ ಅನ್ನೋ ರೋಗ

ಎಲ್ಲಾ ಮಕ್ಕಳಿಗೂ, ತುಂಬಾ ದೊಡ್ಡವರಿಗೂ ಇರೋ ಒಂದು ನಂಬಿಕೆ ಇದೆ. ಎರಡು ಸಾಧ್ಯತೆ ಇದ್ದರೆ ಚಾನ್ಸ್ ಫಿಫ್ಟಿ ಫಿಫ್ಟಿ. ಪಾಸ್ ಆಗ್ತೀನಿ ಇಲ್ಲಾ ಫೇಲ್ ಆಗ್ತೀನಿ, ಹಾಗಾಗಿ ಅರ್ಧ. ಮಳೆ ಬರುತ್ತೆ ಇಲ್ಲಾ ಬರಲ್ಲ, ಹಾಗಾಗಿ ಅರ್ಧ. ಇದಕ್ಕೆ ಕಾರಣ ನಾಣ್ಯ ಅಂತಾನೇ ನನ್ನ ಅನುಮಾನ. ಮೊದಲ ಉದಾಹರಣೆಯೇ ನಾಣ್ಯ ಆದರೆ, ಎರಡು ಮುಖ ಇರೋದೆಲ್ಲಾ ನಾಣ್ಯ ಅಂತ ಮನಸ್ಸಿನಲ್ಲಿ ಕೂತುಬಿಡುತ್ತೆ.

ಇದನ್ನ ಬಿಡಿಸೋಕೆ ಗೊರಗುಂಟೆಪಾಳ್ಯ ಸಿಗ್ನಲ್‌ಗಿಂತ ಒಳ್ಳೆ ಟೀಚರ್ ಸಿಗಲ್ಲ. ತುಮಕೂರು ರಸ್ತೆ ಮತ್ತೆ ಔಟರ್ ರಿಂಗ್ ರೋಡ್ ಸೇರೋ ಜಾಗ. ಮೇಲೆ ಮೆಟ್ರೋ, ಆ ಕಡೆ ಪೀಣ್ಯ ಫ್ಲೈಓವರ್, ಕೆಳಗೆ ಊರಿಗೆ ಹೋಗೋ ಬಸ್ಸು, ಲಾರಿ, ಸಿಟಿ ಬಸ್ಸು, ಆಟೋ ಎಲ್ಲಾ ಒಟ್ಟಿಗೆ. ಸಿಗ್ನಲ್ ಕೆಂಪು ಬಂದರೆ ಒಂದು ಟೀ ಕುಡಿದು ಬರಬಹುದು.

"ನೀನು ಸಿಗ್ನಲ್ ಹತ್ರ ಬಂದಾಗ ಕೆಂಪು ಇರೋ ಚಾನ್ಸ್ ಎಷ್ಟೋ?" ಅಂತ ಕೇಳಿದೆ.

"ಕೆಂಪು ಇರ್ತೈತೆ ಇಲ್ಲಾ ಹಸಿರು ಇರ್ತೈತೆ. ಎರಡೇ ತಾನೆ ಅಕ್ಕಾ? ಅರ್ಧ."

"ಹಂಗಾದ್ರೆ ನಿಮ್ಮಪ್ಪ ದಿನಾ ಯಾಕೆ ಬೈಕೊಳ್ತಾರೆ?"

ನಕ್ಕ. ಆಮೇಲೆ ಯೋಚನೆ ಮಾಡಿದ. "ಕೆಂಪು ಜಾಸ್ತಿ ಹೊತ್ತು ಇರ್ತೈತೆ."

ಪಾಠ ಶುರುವಾಗೋದು ಇಲ್ಲಿಂದಲೇ. ಎಷ್ಟು ಸಾಧ್ಯತೆ ಇದೆ ಅನ್ನೋದು ಸಾಕಾಗಲ್ಲ, ಪ್ರತಿ ಸಾಧ್ಯತೆಯ ತೂಕ ಎಷ್ಟು ಅಂತ ನೋಡಬೇಕು. ಒಂದು ಲೆಕ್ಕಕ್ಕೆ ಕೆಂಪು 150 ಸೆಕೆಂಡು, ಹಸಿರು 50 ಸೆಕೆಂಡು ಅಂತ ಇಟ್ಟುಕೊಳ್ಳೋಣ, ಹಳದಿ ಬಿಟ್ಟುಬಿಡೋಣ. ಒಂದು ಸುತ್ತು 200 ಸೆಕೆಂಡು. ಯಾವ ಹೊತ್ತಿಗೆ ಹೋಗ್ತೀವಿ ಅನ್ನೋದು ಸಿಗ್ನಲ್‌ಗೆ ಗೊತ್ತಿಲ್ಲ. ಹಾಗಾಗಿ ಕೆಂಪು ಸಿಗೋ ಸಂಭವನೀಯತೆ 150/200, ಅಂದರೆ ಮುಕ್ಕಾಲು. ನಾಲ್ಕು ದಿನದಲ್ಲಿ ಸರಾಸರಿ ಮೂರು ದಿನ ನಿಲ್ಲಲೇಬೇಕು. ನಿಜವಾದ ಸೆಕೆಂಡುಗಳನ್ನ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅವನೇ ಎಣಿಸಬಹುದು, ಬೆಳಿಗ್ಗೆ ಒಂದು ಉತ್ತರ, ಸಂಜೆ ಇನ್ನೊಂದು ಉತ್ತರ ಬರುತ್ತೆ. ಅದೂ ಪಾಠವೇ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಸತತ ಹತ್ತು ದಿನ ಕೆಂಪೇ ಸಿಕ್ಕರೆ? ಮುಕ್ಕಾಲನ್ನ ಹತ್ತು ಸಲ ಗುಣಿಸಿ. ಸುಮಾರು 0.056 ಬರುತ್ತೆ, ಅಂದರೆ ಹೆಚ್ಚುಕಡಿಮೆ ಹದಿನೆಂಟರಲ್ಲಿ ಒಂದು. ಅಪರೂಪ, ಆದರೆ ವಿಚಿತ್ರ ಅಲ್ಲ. ಅಷ್ಟೊಂದು ಜನ ದಿನಾ ಓಡಾಡೋ ಜಾಗದಲ್ಲಿ ಯಾರಿಗೋ ಒಬ್ಬರಿಗೆ ಹತ್ತು ದಿನವೂ ಕೆಂಪು ಸಿಕ್ಕೇ ಸಿಗುತ್ತೆ. ಅವರು ಮನೆಗೆ ಹೋಗಿ "ನನ್ನ ಟೈಮೇ ಸರಿಯಿಲ್ಲ" ಅಂತಾರೆ. ಟೈಮ್ ಸರಿಯಾಗೇ ಇದೆ, ಅದು ಲೆಕ್ಕ.

ಮೆಟ್ರೋದಲ್ಲೂ ಇದೇ ಆಟ ಆಡಬಹುದು. ನಮ್ಮ ಸ್ಟೇಷನ್ 2014ರ ಮಾರ್ಚ್ 1ರಂದು ಶುರುವಾದ ಸಂಪಿಗೆ ರಸ್ತೆ–ಪೀಣ್ಯ ಇಂಡಸ್ಟ್ರಿ ಮಾರ್ಗದಲ್ಲಿದೆ. ಟ್ರೇನು ಹತ್ತು ನಿಮಿಷಕ್ಕೊಂದು ಅಂದುಕೊಂಡರೆ, ಟೈಮ್ ನೋಡದೆ ಹತ್ತಿ ಹೋದವನು ಮೂರು ನಿಮಿಷದೊಳಗೆ ಟ್ರೇನು ಹಿಡಿಯೋ ಸಂಭವನೀಯತೆ 3/10. ಎಣಿಸೋದಕ್ಕೆ ಇಲ್ಲಿ ಎಲೆಗಳೂ ಇಲ್ಲ, ಮುಖಗಳೂ ಇಲ್ಲ. ಆದರೂ ಹುಡುಗನಿಗೆ ತಕ್ಷಣ ಹೊಳೀತು.

ಅಜ್ಜಿಯರ ಲ್ಯಾಬ್

ಎಣಿಸೋ ಸಂಭವನೀಯತೆಗೆ ಚೌಕಾಬಾರ ಇದೆ. ಕೆಲವು ಕಡೆ ಕಟ್ಟೆಮನೆ ಅಂತಾರೆ. ನಾಲ್ಕು ಕವಡೆ ಎಸೆಯೋದು. ಎಷ್ಟು ಕವಡೆ ಅಂಗಾತ ಬಿದ್ದಿವೆಯೋ ಅಷ್ಟು ಮನೆ ನಡೆಸೋದು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಹುಡುಗನಿಗೆ ಊರಲ್ಲಿ ಅಜ್ಜಿ ಜೊತೆ ಆಡಿ ಗೊತ್ತಿತ್ತು. ನಿಯಮ ನಾನು ಹೇಳಿಕೊಡಬೇಕಾಗಿ ಬರಲಿಲ್ಲ, ಅವನೇ ನನಗೆ ಹೇಳಿದ.

ಒಂದು ಕವಡೆ ಎರಡು ಥರ ಬೀಳಬಹುದು. ನಾಲ್ಕು ಕವಡೆಗೆ 2×2×2×2, ಒಟ್ಟು 16 ಫಲಿತ. ಎಲ್ಲಾ ಹದಿನಾರನ್ನೂ ಅವನ ಕೈಯಲ್ಲೇ ನೋಟ್ಸಿನಲ್ಲಿ ಬರೆಸಿದೆ, ಅಂಗಾತಕ್ಕೆ ಅಂ, ಬೋರಲಿಗೆ ಬೋ. ಬರೆದ ಮೇಲೆ ಎಣಿಸಿದ: ಒಂದು ಬೀಳೋಕೆ ನಾಲ್ಕು ದಾರಿ, ಎರಡಕ್ಕೆ ಆರು, ಮೂರಕ್ಕೆ ನಾಲ್ಕು, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ಅಂದರೆ ಎರಡು ಬೀಳೋ ಸಂಭವನೀಯತೆ 6/16, ಬಾರ ಬೀಳೋದು 1/16.

"ಅದಕ್ಕೇ ಅಕ್ಕಾ ಯಾವಾಗ್ಲೂ ಎರಡೇ ಬೀಳೋದು!" ಅಂದ. ಎಷ್ಟೋ ವರ್ಷ ಆಡಿದ ಆಟದ ಒಳಗಡೆ ಏನಿದೆ ಅಂತ ಕಂಡ ಸಂತೋಷ ಅದು. ಇಸ್ಪೀಟು ರಾಜನಿಂದ ಆ ಸಂತೋಷ ಬರಲ್ಲ.

ಆದರೆ ನಿಜವಾದ ಮಜಾ ಇದಾದ ಮೇಲಿದೆ. ಈ ಲೆಕ್ಕ ಕವಡೆ ನಾಣ್ಯದ ಥರ ಸಮ ಅಂತ ಒಪ್ಪಿಕೊಂಡು ಮಾಡಿದ್ದು. ಕವಡೆ ಸಮ ಅಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ಬಾಯಿ. ಅಂಗಾತ ಎಷ್ಟು ಸಲ ಬೀಳುತ್ತೆ ಅಂತ ಪುಸ್ತಕ ಹೇಳೋಕಾಗಲ್ಲ, ಎಸೆದೇ ನೋಡಬೇಕು. ನೂರು ಸಲ ಎಸೆದು ಗೀಟು ಹಾಕಿ ಎಣಿಸಿದೆವು. ಅರ್ಧಕ್ಕೆ ಸರಿಯಾಗಿ ಬರಲಿಲ್ಲ.

ಒಂದು ಉದಾಹರಣೆಗೆ, ಒಂದು ಕವಡೆ ಹತ್ತರಲ್ಲಿ ಆರು ಸಲ ಅಂಗಾತ ಬೀಳುತ್ತೆ ಅಂದುಕೊಳ್ಳಿ. ಆಗ ಚೌಕದ ಸಂಭವನೀಯತೆ 0.6ನ್ನ ನಾಲ್ಕು ಸಲ ಗುಣಿಸಿದಷ್ಟು, 0.1296. ಬಾರ 0.4ನ್ನ ನಾಲ್ಕು ಸಲ, 0.0256. ಅಂದರೆ ಬಾರಕ್ಕಿಂತ ಚೌಕ ಐದು ಪಟ್ಟು ಹೆಚ್ಚು ಸಲ ಬೀಳುತ್ತೆ! ಕವಡೆಯಲ್ಲಿ ಸಣ್ಣ ಓರೆ, ಆಟದಲ್ಲಿ ದೊಡ್ಡ ವ್ಯತ್ಯಾಸ. ಅಪರೂಪದ ಬಾರಕ್ಕೆ ಎಂಟು ಮನೆ, ಅದಕ್ಕಿಂತ ಹೆಚ್ಚು ಬೀಳೋ ಚೌಕಕ್ಕೆ ನಾಲ್ಕೇ ಮನೆ. ಈ ಆಟ ಕಟ್ಟಿದವರು ಯಾರೋ ಗೊತ್ತಿಲ್ಲ, ಫಾರ್ಮುಲಾ ಬರೆದಿದ್ದರೋ ಇಲ್ವೋ ಅದೂ ಗೊತ್ತಿಲ್ಲ. ಆದರೆ ಎಸೆದು ಎಸೆದು ಅಳತೆ ಕಂಡುಕೊಂಡವರ ಹಾಗೆ ಕಾಣುತ್ತೆ.

ಪಠ್ಯದಲ್ಲಿ ಇದಕ್ಕೆ ಎರಡು ಹೆಸರಿದೆ: ಸೈದ್ಧಾಂತಿಕ ಸಂಭವನೀಯತೆ, ಪ್ರಾಯೋಗಿಕ ಸಂಭವನೀಯತೆ. ಈ ಪದಗಳನ್ನ ನಾನು ಕಲಿತದ್ದು ಆ ಹುಡುಗನ ಪುಸ್ತಕದಿಂದಲೇ. ಬೇಜಾರಿನ ವಿಷಯ ಏನಂದ್ರೆ, ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಭಾರ ಇಳಿಸೋ ಹೆಸರಲ್ಲಿ ಒಂಬತ್ತನೇ ಕ್ಲಾಸಿನ ಗಣಿತ ಪುಸ್ತಕದಿಂದ ಸಂಭವನೀಯತೆಯ ಅಧ್ಯಾಯವನ್ನೇ ತೆಗೆದುಹಾಕಿತು. ಎಸೆದು ನೋಡು, ಎಣಿಸು, ಬರೆದುಕೋ ಅನ್ನೋ ಪ್ರಯೋಗದ ಪಾಠ ಇದ್ದದ್ದು ಅದರಲ್ಲೇ. ಹತ್ತನೇ ಕ್ಲಾಸಿನಲ್ಲಿ ಉಳಿದದ್ದು ಸೂತ್ರದ ಪಾಠ. ಕೈ ಹೋಯ್ತು, ಬಾಯಿಪಾಠ ಉಳೀತು. ಭಾರ ಇಳಿಸೋದಿದ್ದರೆ ಇದನ್ನ ಬಿಟ್ಟು ಬೇರೆ ಏನಾದರೂ ಇಳಿಸಬೇಕಿತ್ತು.

ಋತುಪರ್ಣನ ಎರಡು ಕೊಂಬೆ, ಆಂಟಿಯ ಹತ್ತು ಶರ್ಟು

ಪ್ರಾಬಬಿಲಿಟಿಯ ಇತಿಹಾಸ ಅಂದ ಕೂಡಲೇ 1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತೆ ಫರ್ಮಾ ಜೂಜಿನ ಲೆಕ್ಕದ ಬಗ್ಗೆ ಬರೆದುಕೊಂಡ ಪತ್ರಗಳನ್ನ ಹೇಳ್ತಾರೆ. ಸರಿ. ಆದರೆ ಮಹಾಭಾರತದ ನಳನ ಕಥೆಯಲ್ಲಿ ಬರೋ ಒಂದು ಪ್ರಸಂಗ ನಮ್ಮ ಮಕ್ಕಳಿಗೆ ಇನ್ನೂ ಹತ್ತಿರ. ಕನಕದಾಸರ ನಳಚರಿತ್ರೆಯಿಂದಾಗಿ ನಳ ಕನ್ನಡಿಗರಿಗೆ ಗೊತ್ತಿರೋ ರಾಜ. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನು. ಮಹಾಭಾರತದಲ್ಲಿ, ವೇಷ ಮರೆಸಿಕೊಂಡ ನಳ ಋತುಪರ್ಣ ರಾಜನ ಸಾರಥಿಯಾಗಿ ರಥ ಓಡಿಸ್ತಿರುವಾಗ, ಋತುಪರ್ಣ ದಾರಿಯಲ್ಲಿ ಕಂಡ ತಾರೆ ಮರದ ಎಲೆ, ಕಾಯಿ ಎಷ್ಟು ಅಂತ ಹೇಳಿಬಿಡ್ತಾನೆ. ಎರಡು ಕೊಂಬೆ ನೋಡಿ ಇಡೀ ಮರದ ಲೆಕ್ಕ. ನಳ ರಥ ನಿಲ್ಲಿಸಿ ಎಣಿಸಿ ನೋಡಿದರೆ ಸರಿಯಾಗಿದೆ. ಆಮೇಲೆ ಋತುಪರ್ಣ ದಾಳದ ಗುಟ್ಟನ್ನ, ಎಣಿಕೆಯ ವಿದ್ಯೆಯನ್ನ ನಳನಿಗೆ ಹೇಳಿಕೊಡ್ತಾನೆ. ಇಯಾನ್ ಹ್ಯಾಕಿಂಗ್ ಅನ್ನೋ ತತ್ವಶಾಸ್ತ್ರಜ್ಞ ಸಂಭವನೀಯತೆಯ ಚರಿತ್ರೆ ಬಗ್ಗೆ 1975ರಲ್ಲಿ ಬರೆದ ಪುಸ್ತಕದಲ್ಲಿ ಈ ಕಥೆಯನ್ನ ಎತ್ತಿ ಹೇಳಿದ್ದಾರೆ. ದಾಳದ ವಿದ್ಯೆಯೂ, ಸ್ವಲ್ಪ ನೋಡಿ ಎಲ್ಲದರ ಅಂದಾಜು ಮಾಡೋ ವಿದ್ಯೆಯೂ ಒಂದೇ ಮನೆಯವು ಅನ್ನೋ ತಿಳಿವಳಿಕೆ ಆ ಕಥೆಯಲ್ಲಿದೆ.

ಈ ಕಥೆ ಹೇಳುವಾಗ ಹುಡುಗನ ಅಮ್ಮ ಅಲ್ಲೇ ಅವರೆಕಾಯಿ ಬಿಡಿಸ್ತಾ ಕೂತಿದ್ದರು. ಅವರು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಸೆಕ್ಷನ್. "ನಾವು ಮಾಡೋದೂ ಅದೇ ಅಲ್ವೇನಮ್ಮ?" ಅಂದರು. "ಬಾಕ್ಸಿಂದ ಒಂದಷ್ಟು ಪೀಸ್ ತೆಗೆದು ನೋಡ್ತೀವಿ. ಡ್ಯಾಮೇಜ್ ಸಿಕ್ರೆ ಇಡೀ ಲಾಟ್ ವಾಪಸ್. ಎಲ್ಲಾ ಪೀಸೂ ನೋಡ್ತಾ ಕೂತ್ರೆ ಲಾರಿ ಹೊರಡೋದು ಯಾವಾಗ?"

ಅವತ್ತಿನ ಲೆಕ್ಕ ಅವರೇ ಕೊಟ್ಟ ಹಾಗಾಯ್ತು. ನೂರು ಶರ್ಟಿನಲ್ಲಿ ಐದು ಡ್ಯಾಮೇಜ್ ಇದೆ ಅಂದುಕೊಳ್ಳಿ. ಒಂದು ಶರ್ಟು ಎತ್ತಿದರೆ ಅದು ಡ್ಯಾಮೇಜ್ ಆಗಿರೋ ಸಂಭವನೀಯತೆ 5/100. ಇದು ಪುಸ್ತಕದ ಲೆಕ್ಕ. ಆದರೆ ಆಂಟಿಗೆ ಬೇಕಾದ ಪ್ರಶ್ನೆ ಬೇರೆ: ಹತ್ತು ಶರ್ಟು ತೆಗೆದು ನೋಡಿದರೆ ಐದರಲ್ಲಿ ಒಂದೂ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳೋ ಚಾನ್ಸ್ ಎಷ್ಟು? ಲೆಕ್ಕ ಹಾಕಿದರೆ ಸುಮಾರು 0.58. ಅರ್ಧಕ್ಕಿಂತ ಹೆಚ್ಚು! ಇಪ್ಪತ್ತು ತೆಗೆದು ನೋಡಿದರೆ ಅದು 0.32ಕ್ಕೆ ಇಳಿಯುತ್ತೆ. ಎಷ್ಟು ಪೀಸ್ ನೋಡಬೇಕು ಅಂತ ಫ್ಯಾಕ್ಟರಿಗಳಲ್ಲಿ ಚಾರ್ಟ್ ಇಟ್ಟುಕೊಳ್ಳೋದು ಇದಕ್ಕೇ. ಪೀಣ್ಯದ ಮೆಷಿನ್ ಶಾಪ್‌ಗಳಲ್ಲಿ ಲಾಟಿನಿಂದ ನಾಲ್ಕು ಪಾರ್ಟ್ ಎತ್ತಿ ಮೈಕ್ರೋಮೀಟರ್ ಹಿಡಿದು ನೋಡೋದೂ ಇದಕ್ಕೇ. ನಮ್ಮ ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಡಿಸ್ಟ್ರಿಬ್ಯೂಷನ್ ಅಂತ ಓದೋದು ಈ ಕೆಲಸದ ಸೂಟುಬೂಟು ಹಾಕಿದ ರೂಪ ಅಷ್ಟೇ.

ಆ ಹುಡುಗ ಅಮ್ಮನನ್ನ ನೋಡಿದ ರೀತಿ ಇದೆಯಲ್ಲ, ಅದಕ್ಕೆ ಯಾವ ಫಾರ್ಮುಲಾನೂ ಬೇಡ. ಇಷ್ಟು ದಿನ ಅಮ್ಮ "ಗಾರ್ಮೆಂಟ್ಸಿಗೆ ಹೋಗೋಳು". ಅವತ್ತು ಅಮ್ಮ ಪುಸ್ತಕದ ಲೆಕ್ಕಕ್ಕಿಂತ ಕಷ್ಟದ ಲೆಕ್ಕ ದಿನಾ ಕೈಯಲ್ಲೇ ಮಾಡೋಳು. ಗಣಿತ ನಮ್ಮ ಮನೆಯದಲ್ಲ, ಇಂಗ್ಲಿಷ್ ಬಂದವರದ್ದು ಅನ್ನೋ ಅಳುಕು ಕನ್ನಡ ಮೀಡಿಯಂ ಮಕ್ಕಳಲ್ಲಿ ತುಂಬಾ ಇದೆ. ಅಂಕಿಅಂಶ ವಿಜ್ಞಾನದಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದಾದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಅಂತಲೂ ಹೇಳಿದೆ. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ತೀರಿಕೊಂಡರು. ಹುಡುಗನಿಗೆ ಅದು ಇಷ್ಟ ಆಯ್ತು, ಆದರೆ ಅಮ್ಮನ ಶರ್ಟಿನಷ್ಟು ಅಲ್ಲ.

"ಇವತ್ತು ಏನಾಗುತ್ತೆ ಬಿಡಿ"

ಈಗ ಜೀವದ ವಿಷಯ. ತುಮಕೂರು ರಸ್ತೆಯಲ್ಲಿ ಸ್ವಲ್ಪ ದೂರ ನಡೆದು ಸರಿಯಾದ ಜಾಗದಲ್ಲಿ ದಾಟೋ ಬದಲು ಮೀಡಿಯನ್ ಹಾರಿ ದಾಟೋರು ಎಷ್ಟು ಜನ ಅಂತ ಯಾವ ದಿನ ಬೇಕಾದರೂ ನಿಂತು ನೋಡಿ. ಸ್ಕೂಲ್ ಮಕ್ಕಳೂ ಹಾರ್ತಾರೆ. ಬೈದರೆ ಒಂದೇ ಉತ್ತರ: "ದಿನಾ ದಾಟ್ತೀವಿ, ಏನೂ ಆಗಲ್ಲ."

"ಏನೂ ಆಗಲ್ಲ" ಅನ್ನೋದು ಒಂದು ಸಲಕ್ಕೆ ಹೆಚ್ಚುಕಡಿಮೆ ಸರಿ. ಅದೇ ಅದರ ಮೋಸ. ಲೆಕ್ಕಕ್ಕೆ, ಒಂದು ಸಲ ಹಾರಿ ದಾಟಿದರೆ ಪೆಟ್ಟಾಗೋ ಸಂಭವನೀಯತೆ ಹತ್ತು ಸಾವಿರದಲ್ಲಿ ಒಂದು ಅಂತ ಊಹೆ ಮಾಡಿಕೊಳ್ಳೋಣ. ತುಂಬಾ ಕಮ್ಮಿ. ದಿನಕ್ಕೆ ಎರಡು ಸಲ, ವರ್ಷಕ್ಕೆ 300 ದಿನ, ಐದು ವರ್ಷ ದಾಟಿದರೆ 3,000 ಸಲ. ಈ ಮೂರು ಸಾವಿರ ಸಲದಲ್ಲಿ ಒಮ್ಮೆಯಾದರೂ ಪೆಟ್ಟಾಗೋ ಚಾನ್ಸ್ ಎಷ್ಟು?

ನೇರವಾಗಿ ಮಾಡೋಕೆ ಹೋದರೆ ಕಷ್ಟ. ಪೂರಕ ಘಟನೆ ಹಿಡಿದರೆ ಸುಲಭ. ಒಂದು ಸಲ ಏನೂ ಆಗದೇ ಇರೋದು 0.9999. ಅದನ್ನ ಮೂರು ಸಾವಿರ ಸಲ ಗುಣಿಸಿದರೆ ಸುಮಾರು 0.74. ಒಂದರಿಂದ ಕಳೆದರೆ 0.26. ಅಂದರೆ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ! ಕ್ಯಾಲ್ಕ್ಯುಲೇಟರ್ ಅವನ ಕೈಯಲ್ಲೇ ಇತ್ತು. ಎರಡು ಸಲ ಒತ್ತಿ ನೋಡಿದ. ಒಂದು ಸಂಖ್ಯೆಗೆ ಅವನು ಹೆದರಿದ್ದನ್ನ ನಾನು ನೋಡಿದ್ದು ಆಗಲೇ.

"ಪೂರಕ ಘಟನೆಗಳ ಸಂಭವನೀಯತೆಗಳ ಮೊತ್ತ 1" ಅಂತ ಪುಸ್ತಕದಲ್ಲಿ ಬಾಕ್ಸ್ ಹಾಕಿ ಕೊಟ್ಟಿರ್ತಾರೆ. ಆ ಬಾಕ್ಸಿನ ಒಳಗೆ ಹೆಲ್ಮೆಟ್ಟು, ಸೀಟ್ ಬೆಲ್ಟು, ಫುಟ್‌ಬೋರ್ಡು ಎಲ್ಲಾ ಇದೆ ಅಂತ ಮಕ್ಕಳಿಗೆ ಹೇಳೋರು ಬೇಕು.

ಮೊಬೈಲಿನೊಳಗಿನ ಜಾತ್ರೆ

ಕೊನೆಗೆ ದುಡ್ಡು. ನಮ್ಮ ಬೀದಿಯಲ್ಲಿ ಸಂಬಳದ ದುಡ್ಡನ್ನ ಮೊಬೈಲ್ ರಮ್ಮಿಗೆ, ಕ್ರಿಕೆಟ್ ಬೆಟ್ಟಿಂಗಿಗೆ ಹಾಕಿ ಸಾಲಕ್ಕೆ ಬಿದ್ದ ಮನೆಗಳಿವೆ. ಈ ಹುಡುಗನ ಚಿಕ್ಕಪ್ಪನೂ ಒಬ್ಬರು. ಬೈಕ್ ಹೋಯ್ತು, ಆಮೇಲೆ ಚಿಕ್ಕಮ್ಮನ ಓಲೆ ಹೋಯ್ತು. ಮನೆಯಲ್ಲಿ ಇದನ್ನ "ಗ್ರಹಚಾರ" ಅಂತಾರೆ.

ಕಾನೂನು ಇದೆ. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆಯನ್ನ ಸಂಸತ್ತು 2025ರ ಆಗಸ್ಟಿನಲ್ಲಿ ಪಾಸ್ ಮಾಡಿತು. ಒಳ್ಳೇದೇ. ಆದರೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಲಿಂಕ್ ಬರುತ್ತೆ, ಹೊಸ ಹೆಸರಲ್ಲಿ ಬರುತ್ತೆ. ಹದಿನೈದು ವರ್ಷದ ಹುಡುಗನ ಕೈಯಲ್ಲಿ ಮೊಬೈಲ್ ಇರೋ ತನಕ ಅವನ ತಲೆಯಲ್ಲೂ ಒಂದು ಬೀಗ ಇರಬೇಕು.

ಆ ಬೀಗ ಹತ್ತು ನಿಮಿಷದ ಪಾಠ. ಜಾತ್ರೆಯಲ್ಲಿ ಒಬ್ಬ ದಾಳ ಇಟ್ಟುಕೊಂಡು ಕೂತಿದ್ದಾನೆ. ಹತ್ತು ರೂಪಾಯಿ ಕಟ್ಟಿ ಎಸೆಯಬೇಕು, ಆರು ಬಿದ್ದರೆ ಐವತ್ತು ಕೊಡ್ತಾನೆ. "ಹತ್ತಕ್ಕೆ ಐವತ್ತು!" ಅನ್ನೋದು ಕಿವಿಗೆ ಚೆನ್ನಾಗಿದೆ. 60 ಸಲ ಆಡಿದರೆ ಕಟ್ಟೋದು 600. ಆರು ಬೀಳೋದು ಸರಾಸರಿ ಹತ್ತು ಸಲ, ಬರೋದು 500. ನೂರು ರೂಪಾಯಿ ಅವನ ಜೇಬಿಗೆ. ನಿಮ್ಮ ಲಕ್ ಏನೇ ಇರಲಿ, ಸಾವಿರ ಜನ ಆಡಿದರೆ ಅವನಿಗೆ ಲಕ್ ಬೇಕೇ ಇಲ್ಲ. ಆಪ್ ನಡೆಸೋರು ಜಾತ್ರೆಯವನಷ್ಟು ದಡ್ಡರೂ ಅಲ್ಲ, ಮೊದಲು ಬೋನಸ್ ಕೊಟ್ಟು ಗೆಲ್ಲಿಸ್ತಾರೆ.

ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. "ಐದು ಸಲ ಸೋತಿದ್ದೀನಿ, ಈ ಸಲ ಗೆಲ್ಲಲೇಬೇಕು." ದಾಳಕ್ಕೆ ನೆನಪಿಲ್ಲ. ಐದು ಸಲ ಸೋತವನಿಗೂ, ಈಗಷ್ಟೇ ಬಂದು ಕೂತವನಿಗೂ ಅದು ಒಂದೇ 1/6 ಕೊಡುತ್ತೆ. ಹುಡುಗನ ಚಿಕ್ಕಪ್ಪ ಬೈಕಿನಿಂದ ಓಲೆವರೆಗೆ ಹೋದದ್ದು ಈ ಒಂದು ವಾಕ್ಯದ ಮೇಲೆ. "ಮೂರು ಹೆಣ್ಣಾಯ್ತು, ನಾಲ್ಕನೇದು ಗಂಡೇ" ಅಂತ ಕಾಯೋ ಮನೆಗಳೂ ನಿಂತಿರೋದು ಇದೇ ವಾಕ್ಯದ ಮೇಲೆ. ಹಿಂದಿನ ಮೂರು ಮಕ್ಕಳನ್ನ ಎಣಿಸಿಕೊಂಡು ನಾಲ್ಕನೇದು ಹುಟ್ಟಲ್ಲ. ಆ ಎಣಿಕೆಯ ಭಾರ ಹೊರೋದು ಮಾತ್ರ ಹೆಂಗಸರು.

"ಚಿಕ್ಕಪ್ಪಂಗೆ ಯಾರೂ ಇದನ್ನ ಹೇಳ್ಕೊಡ್ಲಿಲ್ವಾ ಅಕ್ಕಾ?" ಅಂದ. ಚಿಕ್ಕಪ್ಪನೂ ಎಸ್ಸೆಸ್ಸೆಲ್ಸಿ ಪಾಸು. ಅವರೂ 1/6 ಅಂತ ಬರೆದೇ ಪಾಸಾದವರು.

ಪರೀಕ್ಷೆ ಏನಾಗುತ್ತೆ?

ಇದನ್ನೆಲ್ಲಾ ಹೇಳಿದರೆ ಫ್ರೆಂಡ್ಸ್ ಎರಡು ಆಕ್ಷೇಪ ಎತ್ತುತ್ತಾರೆ. ಮೊದಲನೇದು: ಪರೀಕ್ಷೆಯಲ್ಲಿ ಸಿಗ್ನಲ್ ಕೇಳಲ್ಲ, ಇಸ್ಪೀಟೇ ಕೇಳ್ತಾರೆ. ನಿಜ. ಅದಕ್ಕೇ ಇಸ್ಪೀಟನ್ನ ಬಿಟ್ಟೇಬಿಡಿ ಅಂತ ಹೇಳ್ತಿಲ್ಲ, ಕೊನೆಗೆ ಇಡಿ ಅಂತಿದ್ದೀನಿ. ಕವಡೆಯಲ್ಲಿ ಹದಿನಾರು ಫಲಿತ ತಾನೇ ಬರೆದ ಹುಡುಗನಿಗೆ 52 ಎಲೆ ಒಂದು ಮಧ್ಯಾಹ್ನದ ಕೆಲಸ. ಇಸ್ಪೀಟು, ಆಟೀನು, ಡೈಮಂಡು, ಕಳಾವರ, ತಲಾ ಹದಿಮೂರು, ಮುಖ ಇರೋ ಎಲೆ ಹನ್ನೆರಡು. ಅಷ್ಟೇ. ಮಾರ್ಕ್ಸ್ ಎಲ್ಲೂ ಹೋಗಲ್ಲ.

ಎರಡನೇದು ಸ್ವಲ್ಪ ಗಟ್ಟಿ ಆಕ್ಷೇಪ: ಬೀದಿಯ ಉದಾಹರಣೆಗಳು ಪಕ್ಕಾ ಅಲ್ಲ. ಟ್ರಾಫಿಕ್ ನೋಡಿ ಸಿಗ್ನಲ್ ಬದಲಾಗುತ್ತೆ, ಒಂದೇ ಹೊತ್ತಿಗೆ ಮನೆ ಬಿಡೋನಿಗೆ ಹತ್ತು ದಿನವೂ ಸ್ವತಂತ್ರ ಅಲ್ಲ, ರಸ್ತೆ ದಾಟೋ ಅಪಾಯ ಎಲ್ಲರಿಗೂ ಒಂದೇ ಅಲ್ಲ. ಒಪ್ಪಿದೆ. ಅದಕ್ಕೇ ಈ ಉದಾಹರಣೆಗಳು ಬೇಕು. ಪುಸ್ತಕದ ನಾಣ್ಯ ಹುಟ್ಟುತ್ತಲೇ ಸಮ, ಅಲ್ಲಿ ಕೇಳೋಕೆ ಏನೂ ಉಳಿಯಲ್ಲ. ಬೀದಿಯಲ್ಲಿ "ನಾವು ಏನನ್ನ ಒಪ್ಪಿಕೊಂಡು ಈ ಲೆಕ್ಕ ಮಾಡಿದ್ವಿ?" ಅಂತ ಪ್ರತಿ ಸಲ ಕೇಳಬೇಕಾಗುತ್ತೆ. ಇಂಜಿನಿಯರಿಂಗ್‌ಗೆ ಬಂದು ನಾವು ನಾಲ್ಕು ವರ್ಷ ಕಲಿಯೋದು ಈ ಪ್ರಶ್ನೆಯನ್ನ ತಾನೆ? ಅದು ಹತ್ತನೇ ಕ್ಲಾಸಿನಲ್ಲೇ ಬಂದರೆ ನಷ್ಟ ಏನು?

ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಬಾವುಟ ಕಟ್ಟೋದು, ಹಾಡು ಹಾಡೋದು, ಟೀ ಶರ್ಟ್ ಮಾಡಿಸೋದು ಎಲ್ಲಾ ಚೆನ್ನಾಗಿ ಮಾಡ್ತೀವಿ. ಅದರ ಜೊತೆ ಇದೊಂದನ್ನ ಸೇರಿಸೋಣ ಅಂತ ನನ್ನ ಕೋರಿಕೆ. ಕಾಲೇಜಿನ ಅಕ್ಕಪಕ್ಕದಲ್ಲೋ, ನಿಮ್ಮ ಪಿಜಿ ಬೀದಿಯಲ್ಲೋ ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಓದ್ತಿರೋ ಒಂದು ಮಗು ಇದ್ದೇ ಇರುತ್ತೆ. ನಾಲ್ಕು ಭಾನುವಾರ ಸಾಕು. ಮೊದಲ ವಾರ ಸಿಗ್ನಲ್, ಎರಡನೇ ವಾರ ಚೌಕಾಬಾರ, ಮೂರನೇ ವಾರ ಅವರ ಅಪ್ಪ ಅಮ್ಮ ಮಾಡೋ ಕೆಲಸದಲ್ಲಿ ಎಲ್ಲಿ ಚಾನ್ಸ್ ಇದೆ ಅಂತ ಹುಡುಕೋದು, ನಾಲ್ಕನೇ ವಾರ ಜಾತ್ರೆಯ ದಾಳ ಮತ್ತೆ ಇಸ್ಪೀಟು. ನಿಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಯಾದೃಚ್ಛಿಕ, ಫಲಿತ, ಪೂರಕ ಘಟನೆ ಅಂತ ನಾಲ್ಕು ಕನ್ನಡ ಪದ ಫ್ರೀಯಾಗಿ ಸಿಗುತ್ತೆ.

ತಗೊಂಡು ಹೋಗಬೇಕಾದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ನಾಲ್ಕು ಕವಡೆ. ಕವಡೆ ಸಿಗಲಿಲ್ಲ ಅಂದರೆ ಅಡುಗೆಮನೆಯಿಂದ ನಾಲ್ಕು ಹುಣಸೆ ಬೀಜ ಎತ್ತಿಕೊಳ್ಳಿ. ನೆಲದ ಮೇಲೆ ಒಂದು ಬದಿ ಉಜ್ಜಿ ಬಿಳಿ ಮಾಡಿ. ಅರ್ಧಕ್ಕೆ ಸರಿಯಾಗಿ ಬೀಳುತ್ತಾ ಇಲ್ವಾ ಅಂತ ನೂರು ಸಲ ಎಸೆದು ನೀವೂ ನೋಡಿ.